ನೊರೆ ಏನು ಹೇಳುತ್ತದೆ

ಅಕ್ಕನ ಮನೆಗೆ ಹೊಸ ವಾಷಿಂಗ್ ಮಷಿನ್ ಬಂದಾಗ ನಾನೂ ಅಲ್ಲೇ ಇದ್ದೆ. ಮುಂದಿನಿಂದ ಬಾಗಿಲು ತೆಗೆಯುವಂಥದ್ದು, ದುಂಡಗಿನ ಗಾಜು ಇರುವಂಥದ್ದು. ಅದರ ಜೊತೆ ಕೊಟ್ಟಿದ್ದ ಪುಡಿಯನ್ನು ಅಳೆದು ಹಾಕಿ ಅಕ್ಕ ಗಾಜಿನ ಮುಂದೆ ಕೂತಳು. ಬಟ್ಟೆ ತಿರುಗುತ್ತಿತ್ತು, ನೀರೂ ಕಾಣುತ್ತಿತ್ತು. ನೊರೆ ಮಾತ್ರ ಇಲ್ಲ. "ಏನೋ ಇದು, ಬರೀ ನೀರಲ್ಲಿ ಸುತ್ತುತ್ತಾ ಇದೆ" ಅಂದಳು. ಮುಂದಿನ ಸಲ ಪುಡಿ ಜಾಸ್ತಿ ಹಾಕಿದಳು. ಅದಕ್ಕೂ ಸಮಾಧಾನವಾಗದೆ, ಕೈಯಲ್ಲಿ ಒಗೆಯುವಾಗ ಬಳಸುತ್ತಿದ್ದ ಹಳೆಯ ಪುಡಿಯನ್ನೇ ಸುರಿದಳು. ಈಗ ಗಾಜು ಪೂರ್ತಿ ಬೆಳ್ಳಗಾಯಿತು. ಅಕ್ಕನ ಮುಖ ಅರಳಿತು. ಆದರೆ ಮಷಿನ್ ನಿಲ್ಲುವ ಹೊತ್ತಾದರೂ ನಿಲ್ಲಲಿಲ್ಲ. ಮತ್ತೆ ಮತ್ತೆ ನೀರು ತುಂಬಿಕೊಂಡು ಜಾಲಾಡುತ್ತಲೇ ಇತ್ತು. ಕೊನೆಗೆ ಹೊರಗೆ ಬಂದ ಬಟ್ಟೆ ಅಂಟಂಟಾಗಿತ್ತು.

ಈ ತರಹದ ಮಷಿನ್ ಬಟ್ಟೆಯನ್ನು ಮೇಲಕ್ಕೆ ಎತ್ತಿ ಕೆಳಕ್ಕೆ ಬೀಳಿಸುತ್ತದೆ. ಆ ಬೀಳುವ ಪೆಟ್ಟಿನಲ್ಲೇ ಕೊಳೆ ಬಿಡಬೇಕು. ನಡುವೆ ನೊರೆ ತುಂಬಿಕೊಂಡರೆ ಬಟ್ಟೆ ಮೆತ್ತಗೆ ಬೀಳುತ್ತದೆ, ಪೆಟ್ಟೇ ಬೀಳುವುದಿಲ್ಲ. ಹಾಗಾಗಿ ಇದಕ್ಕೆಂದು ಮಾಡುವ ಪುಡಿಯಲ್ಲಿ ನೊರೆಯನ್ನು ಬೇಕೆಂದೇ ಕಡಿಮೆ ಮಾಡಿರುತ್ತಾರೆ. ಅಕ್ಕನಿಗೆ ಇದನ್ನು ವಿವರಿಸಿದೆ. ಅವಳು ಕೇಳಿಸಿಕೊಂಡಳು, ಒಪ್ಪಿಕೊಂಡಳು. ಆಮೇಲೆ, "ಆದ್ರೂ ನೊರೆ ಇಲ್ಲದಿದ್ರೆ ಮನಸ್ಸಿಗೆ ಒಗ್ಗಲ್ಲ ಕಣೋ" ಅಂದಳು.

ಆ ಮಾತು ನನ್ನನ್ನು ಬಿಡಲಿಲ್ಲ. ಅವಳೊಬ್ಬಳೇ ಅಲ್ಲ, ನಾವೆಲ್ಲರೂ ನೊರೆ ನೋಡಿ ಎಷ್ಟೊಂದು ತೀರ್ಮಾನ ಮಾಡುತ್ತೇವೆ. ಸಾಬೂನು ನೊರೆ ಕೊಟ್ಟರೆ ಚೆನ್ನಾಗಿ ತೊಳೆಯುತ್ತದೆ. ಪೇಸ್ಟ್ ಬಾಯ್ತುಂಬ ನೊರೆಯಾದರೆ ಹಲ್ಲು ಶುಚಿ. ನದಿಯ ಮೇಲೆ ಬಂದರೆ ವಿಷ. ಸಮುದ್ರದ ದಡದಲ್ಲಿ ಬಂದರೆ ಚಂದ, ನಿಂತು ಫೋಟೊ ತೆಗೆಯಬೇಕು. ಮನುಷ್ಯನ ಬಾಯಲ್ಲಿ ಬಂದರೆ ಗಾಬರಿ. ಇಷ್ಟೆಲ್ಲ ಅರ್ಥಗಳನ್ನು ಅದಕ್ಕೆ ಕೊಟ್ಟವರು ನಾವು. ನನಗೆ ತಿಳಿದ ಮಟ್ಟಿಗೆ ನೊರೆ ತಾನಾಗಿ ಹೇಳುವುದು ಒಂದೇ ಮಾತು: ಈ ನೀರಿನಲ್ಲಿ ನೀರಲ್ಲದ ಏನೋ ಇದೆ. ಅದು ಏನು, ಒಳ್ಳೆಯದೋ ಕೆಟ್ಟದ್ದೋ ಅನ್ನುವುದನ್ನು ಹೇಳುವುದಿಲ್ಲ. ಇದು ಸಣ್ಣ ವಿಷಯ ಅನ್ನಿಸಬಹುದು. ಆದರೆ ಈ ಸಣ್ಣ ವಿಷಯದ ಹಿಂದೆ ಹೋದವರ ಕಥೆಗಳನ್ನು ಓದುತ್ತಾ ಹೋದಂತೆ, ನನಗೆ ನೊರೆಯ ಬಗ್ಗೆ ಒಂದು ಬಗೆಯ ಗೌರವವೇ ಬಂದುಬಿಟ್ಟಿದೆ.

ಬರೀ ನೀರಿನಲ್ಲಿ ನಿಲ್ಲುವುದಿಲ್ಲ

ಶುದ್ಧವಾದ ನೀರನ್ನು ಬಾಟಲಿಯಲ್ಲಿ ಹಾಕಿ ಜೋರಾಗಿ ಅಲ್ಲಾಡಿಸಿ. ಗುಳ್ಳೆ ಏಳುತ್ತದೆ, ಮೇಲೆ ಬಂದ ಕ್ಷಣವೇ ಒಡೆಯುತ್ತದೆ. ಎಷ್ಟು ಅಲ್ಲಾಡಿಸಿದರೂ ಅಷ್ಟೇ. ಒಂದು ಹನಿ ಸಾಬೂನು ಬಿಟ್ಟರೆ ಸಾಕು, ಅದೇ ನೀರು ಗಾಳಿಯನ್ನು ಹಿಡಿದಿಟ್ಟುಕೊಂಡು ಗಂಟೆಗಟ್ಟಲೆ ಕೂರುತ್ತದೆ.

ಇದಕ್ಕೆ ಶಾಲೆಯಲ್ಲಿ ಹೇಳಿಕೊಡುವ ಕಾರಣ ಎಂದರೆ ಸಾಬೂನು ನೀರಿನ ಮೇಲ್ಮೈ ಎಳೆತವನ್ನು, ಅಂದರೆ ನೀರಿನ ಮೇಲ್ಮೈ ತನ್ನನ್ನು ತಾನೇ ಬಿಗಿಯಾಗಿ ಎಳೆದುಕೊಳ್ಳುವ ಬಲವನ್ನು, ಕಡಿಮೆ ಮಾಡುತ್ತದೆ ಎನ್ನುವುದು. ಅದು ನಿಜ, ಆದರೆ ಅಷ್ಟಕ್ಕೇ ಬಿಟ್ಟರೆ ಸಾಲದು. ಶುದ್ಧ ಆಲ್ಕೋಹಾಲಿನ ಮೇಲ್ಮೈ ಎಳೆತ ನೀರಿನದ್ದಕ್ಕಿಂತ ತುಂಬಾ ಕಡಿಮೆ. ಅದನ್ನು ಅಲ್ಲಾಡಿಸಿದರೂ ನೊರೆ ನಿಲ್ಲುವುದಿಲ್ಲ. ಎಳೆತ ಕಡಿಮೆ ಇದ್ದರೆ ಆಗಲಿಲ್ಲ, ಅದು ಜಾಗದಿಂದ ಜಾಗಕ್ಕೆ ಬದಲಾಗಬೇಕು. ಗುಟ್ಟು ಇರುವುದು ಅಲ್ಲಿ.

ಗುಳ್ಳೆಯ ಗೋಡೆ ಎಂದರೆ ನೀರಿನ ತೆಳ್ಳನೆಯ ಹಾಳೆ. ಸಾಬೂನಿನ ಅಣುವಿಗೆ ಒಂದು ತುದಿ ನೀರನ್ನು ಹುಡುಕುವಂಥದ್ದು, ಇನ್ನೊಂದು ತುದಿ ನೀರಿನಿಂದ ದೂರ ಹೋಗುವಂಥದ್ದು. ಹೀಗಾಗಿ ಆ ಅಣುಗಳು ಹಾಳೆಯ ಎರಡೂ ಮೈಗೆ ಬಂದು ಸಾಲಾಗಿ ನಿಲ್ಲುತ್ತವೆ, ತಲೆ ನೀರಿನ ಒಳಗೆ, ಬಾಲ ಗಾಳಿಗೆ. ಈಗ ಹಾಳೆ ಎಲ್ಲೋ ಒಂದು ಕಡೆ ಹಿಗ್ಗಿ ತೆಳುವಾಯಿತು ಅಂದುಕೊಳ್ಳಿ. ಅಲ್ಲಿ ಸಾಬೂನಿನ ಅಣುಗಳು ಚದುರಿ ವಿರಳವಾಗುತ್ತವೆ. ವಿರಳವಾದ ಕಡೆ ಎಳೆತ ಹೆಚ್ಚಾಗುತ್ತದೆ. ಎಳೆತ ಹೆಚ್ಚಾದ ಜಾಗ ಸುತ್ತಲಿನ ನೀರನ್ನು ತನ್ನ ಕಡೆಗೆ ಎಳೆದುಕೊಳ್ಳುತ್ತದೆ. ಅಂದರೆ ಎಲ್ಲಿ ಹಾಳೆ ಒಡೆಯುವ ಅಪಾಯ ಇದೆಯೋ ಅಲ್ಲಿಗೇ ನೀರು ತಾನಾಗಿ ಹರಿದು ಬಂದು ದಪ್ಪ ಮಾಡುತ್ತದೆ. ಈ ಪರಿಣಾಮಕ್ಕೆ ಇಟಲಿಯ ಭೌತವಿಜ್ಞಾನಿ ಕಾರ್ಲೊ ಮರಂಗೋನಿಯ ಹೆಸರಿದೆ. 1865ರಲ್ಲಿ ಪಾವಿಯಾ ವಿಶ್ವವಿದ್ಯಾಲಯಕ್ಕೆ ಕೊಟ್ಟ ಪ್ರಬಂಧದಲ್ಲಿ ಆತ ಇದನ್ನು ಬರೆದಿದ್ದ. ಶುದ್ಧ ನೀರಿನ ಹಾಳೆ ಎಲ್ಲಿ ತೆಳುವಾದರೂ ಎಳೆತ ಒಂದೇ. ಸರಿಪಡಿಸಿಕೊಳ್ಳುವ ದಾರಿ ಅದಕ್ಕಿಲ್ಲ, ಹರಿದುಹೋಗುತ್ತದೆ.

ಹಾಗಂತ ಸಾಬೂನಿನ ನೊರೆಯೂ ಸುಮ್ನೆ ಕೂತಿರುವುದಿಲ್ಲ. ಅದರೊಳಗೆ ಸದಾ ಏನೋ ನಡೆಯುತ್ತಿರುತ್ತದೆ. ಹಾಳೆಗಳ ನಡುವಿನ ನೀರು ಮೆಲ್ಲಗೆ ಕೆಳಗೆ ಇಳಿಯುತ್ತದೆ. ಹಾಳೆ ತೆಳುವಾಗುತ್ತಾ ಬಣ್ಣ ಬದಲಿಸುತ್ತದೆ, ತೀರಾ ತೆಳುವಾದಾಗ ಬಣ್ಣವೆಲ್ಲ ಹೋಗಿ ಕಪ್ಪಾಗಿ ಕಾಣುತ್ತದೆ. ಆಗ ಅದರ ದಪ್ಪ ಬೆಳಕಿನ ಅಲೆಯ ಉದ್ದಕ್ಕಿಂತ ಹತ್ತಾರು ಪಟ್ಟು ಕಡಿಮೆ. ಇನ್ನೂ ಒಂದು ಸಂಗತಿ ಇದೆ, ಇದನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ. ಚಿಕ್ಕ ಗುಳ್ಳೆಯ ಒಳಗೆ ಒತ್ತಡ ಜಾಸ್ತಿ, ದೊಡ್ಡದರ ಒಳಗೆ ಕಡಿಮೆ. ಹಾಗಾಗಿ ಚಿಕ್ಕದರ ಗಾಳಿ ಮಧ್ಯದ ಹಾಳೆಯನ್ನು ದಾಟಿ ದೊಡ್ಡದಕ್ಕೆ ಹೋಗುತ್ತದೆ. ಚಿಕ್ಕದು ಕುಗ್ಗುತ್ತಾ ಕುಗ್ಗುತ್ತಾ ಮಾಯವಾಗುತ್ತದೆ, ದೊಡ್ಡದು ಇನ್ನೂ ದೊಡ್ಡದಾಗುತ್ತದೆ. ಹೊತ್ತು ಕಳೆದ ನೊರೆಯಲ್ಲಿ ದಪ್ಪ ದಪ್ಪ ಗುಳ್ಳೆಗಳೇ ಉಳಿದಿರುವುದು ಇದಕ್ಕೇ.

ಜಿಡ್ಡಿನ ನೀರನ್ನು ದಿಟ್ಟಿಸಿದವಳು

ಆಗ್ನೆಸ್ ಪೋಕೆಲ್ಸ್ ಬಗ್ಗೆ ಓದಿದ ದಿನ ನನಗೆ ಬೇರೆ ಕೆಲಸ ಮಾಡಲು ಆಗಲಿಲ್ಲ. ಹುಟ್ಟಿದ್ದು 1862ರಲ್ಲಿ, ಬದುಕಿದ್ದು ಜರ್ಮನಿಯ ಬ್ರೌನ್‌ಶ್ವೈಗ್ ಊರಿನಲ್ಲಿ. ವಿಜ್ಞಾನ ಓದಬೇಕೆಂಬ ಆಸೆ ತುಂಬಾ ಇತ್ತು. ಆಗ ಅಲ್ಲಿ ಹೆಣ್ಣುಮಕ್ಕಳಿಗೆ ವಿಶ್ವವಿದ್ಯಾಲಯದ ಬಾಗಿಲು ಮುಚ್ಚಿತ್ತು. ಮನೆಯಲ್ಲಿ ಕಾಯಿಲೆಯ ಅಪ್ಪ ಅಮ್ಮ. ಅಡುಗೆ, ಪಾತ್ರೆ, ಶುಶ್ರೂಷೆ ಎಲ್ಲ ಅವಳ ಪಾಲಿಗೆ. ತಮ್ಮ ಫ್ರೀಡ್ರಿಶ್ ಭೌತವಿಜ್ಞಾನ ಓದುತ್ತಿದ್ದ, ಅವನು ತಂದುಕೊಟ್ಟ ಪುಸ್ತಕಗಳೇ ಅವಳಿಗೆ ಕಾಲೇಜು.

ಪಾತ್ರೆ ತೊಳೆದ ನೀರಿನ ಮೇಲೆ ಜಿಡ್ಡು ಹರಡುವುದನ್ನು ದಿನವೂ ನೋಡುವವರು ಎಷ್ಟೋ ಜನ. ಪೋಕೆಲ್ಸ್ ಅದನ್ನು ಅಳೆಯಬಹುದು ಅಂದುಕೊಂಡಳು. ಸುಮಾರು ಇಪ್ಪತ್ತರ ವಯಸ್ಸಿನಲ್ಲಿ ಒಂದು ತಗಡಿನ ತೊಟ್ಟಿ ಮಾಡಿಕೊಂಡಳು. ಅದರಲ್ಲಿ ಅಂಚಿನವರೆಗೆ ನೀರು. ನೀರಿನ ಮೇಲೆ ಅಡ್ಡಲಾಗಿ ಒಂದು ಪಟ್ಟಿ. ಪಟ್ಟಿಯನ್ನು ಸರಿಸಿದರೆ ಮೇಲ್ಮೈ ಹಿಗ್ಗುತ್ತದೆ ಅಥವಾ ಕುಗ್ಗುತ್ತದೆ, ಅದರ ಮೇಲಿನ ಜಿಡ್ಡಿನ ಪದರವೂ ಅದರ ಜೊತೆಗೆ. ತಕ್ಕಡಿಗೆ ಒಂದು ಚಿಕ್ಕ ಬಿಲ್ಲೆ ಕಟ್ಟಿ, ಅದನ್ನು ನೀರಿನಿಂದ ಎತ್ತಲು ಎಷ್ಟು ಬಲ ಬೇಕು ಎಂದು ನೋಡಿ ಎಳೆತವನ್ನು ಲೆಕ್ಕ ಹಾಕಿದಳು. ಪದರವನ್ನು ಒತ್ತುತ್ತಾ ಹೋದರೆ ಒಂದು ಹಂತದವರೆಗೆ ಏನೂ ಆಗುವುದಿಲ್ಲ, ಆ ಹಂತ ದಾಟಿದ ಕೂಡಲೇ ಎಳೆತ ಸರ್ರನೆ ಇಳಿಯುತ್ತದೆ ಎಂದು ಕಂಡುಕೊಂಡಳು. ನೀರಿನ ಮೇಲೆ ಕಣ್ಣಿಗೆ ಕಾಣದಷ್ಟು ಕೊಳೆ ಇದ್ದರೂ ಅದರ ಗುಣ ಬದಲಾಗುತ್ತದೆ ಎಂಬುದು ಅವಳಿಗೆ ಸ್ಪಷ್ಟವಾಯಿತು. ಸುಮಾರು ಹತ್ತು ವರ್ಷ ಈ ಕೆಲಸ ಯಾರಿಗೂ ಗೊತ್ತಿರಲಿಲ್ಲ.

ಇಂಗ್ಲೆಂಡಿನ ಭೌತವಿಜ್ಞಾನಿ ಲಾರ್ಡ್ ರ್‍ಯಾಲಿ ಇದೇ ವಿಷಯದಲ್ಲಿ ತೊಡಗಿದ್ದಾನೆಂದು ತಿಳಿದು 1891ರ ಜನವರಿಯಲ್ಲಿ ಅವನಿಗೆ ಜರ್ಮನ್ ಭಾಷೆಯಲ್ಲಿ ಕಾಗದ ಬರೆದಳು. ರ್‍ಯಾಲಿ ದೊಡ್ಡ ಮನುಷ್ಯ, ಎಲ್ಲ ಅರ್ಥದಲ್ಲೂ. ಕಾಗದವನ್ನು ಅನುವಾದ ಮಾಡಿಸಿ 'ನೇಚರ್' ಪತ್ರಿಕೆಗೆ ಕಳಿಸಿದ, ಪ್ರಕಟಿಸಲೇಬೇಕೆಂದು ಕೇಳಿಕೊಂಡ. ಮಾರ್ಚ್‌ನಲ್ಲಿ ಅದು ಅಚ್ಚಾಯಿತು. ಮುಂದೆ ಅಮೆರಿಕದ ಇರ್ವಿಂಗ್ ಲ್ಯಾಂಗ್‌ಮ್ಯೂರ್ ಇದೇ ಬಗೆಯ ತೊಟ್ಟಿಯನ್ನು ಬೆಳೆಸಿ, ಮೇಲ್ಮೈಗಳ ರಸಾಯನಶಾಸ್ತ್ರಕ್ಕೆ 1932ರಲ್ಲಿ ನೊಬೆಲ್ ಪಡೆದ. ಪೋಕೆಲ್ಸ್‌ಗೆ ತನ್ನ ಊರಿನ ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ಕೊಟ್ಟದ್ದೂ ಅದೇ ವರ್ಷ. ಅವಳಿಗೆ ಆಗ ಎಪ್ಪತ್ತು. ಅವಳ ಕಥೆಯನ್ನು 'ಅಡುಗೆಮನೆಯ ವಿಜ್ಞಾನಿ' ಎಂದು ಮುದ್ದಾಗಿ ಹೇಳಿ ಮುಗಿಸಿಬಿಡುತ್ತಾರೆ, ಅದು ನನಗೆ ಹಿಡಿಸುವುದಿಲ್ಲ. ಅಡುಗೆಮನೆಯಲ್ಲಿ ಅವಳನ್ನು ಕೂಡಿಹಾಕಿದ್ದು ಅನ್ಯಾಯ. ಅಲ್ಲಿದ್ದುಕೊಂಡೇ ಅಷ್ಟು ನಿಖರವಾಗಿ ಅಳೆದದ್ದು ಅವಳ ಶಕ್ತಿ.

ಸಾಬೂನಿನ ಮಾತು

ಹಾಗಾದರೆ ಅಕ್ಕನ ನಂಬಿಕೆ ಪೂರ್ತಿ ಸುಳ್ಳಾ? ಇಲ್ಲ. ಕೊಳೆ ತೆಗೆಯುವ ಕೆಲಸ ನಡೆಯುವುದು ನೀರಿನ ಒಳಗೆ. ಸಾಬೂನಿನ ಅಣುಗಳು ಜಿಡ್ಡನ್ನು ಸುತ್ತುವರಿದು ಎತ್ತಿಕೊಂಡು ಹೋಗುತ್ತವೆ. ಆ ಕೆಲಸಕ್ಕೆ ಗಾಳಿ ಬೇಕಿಲ್ಲ. ಆದರೆ ಜಿಡ್ಡಿಗೆ ಅಂಟಿಕೊಂಡ ಅಣು ಗುಳ್ಳೆಯ ಗೋಡೆಗೆ ಸಿಗುವುದಿಲ್ಲ. ಜೊತೆಗೆ ಎಣ್ಣೆಯ ಹನಿಗಳು ಹಾಳೆಗೆ ಸೇರಿಕೊಂಡು ಅದನ್ನು ಒಡೆಯುತ್ತವೆ. ಹಾಗಾಗಿ ಪಾತ್ರೆ ತೊಳೆಯುವ ನೀರಿನಲ್ಲಿ ನೊರೆ ಸತ್ತರೆ, ಸಾಬೂನು ಖರ್ಚಾಯಿತು ಎಂದು ಹೆಚ್ಚುಕಡಿಮೆ ಹೇಳಬಹುದು. ಪಾತ್ರೆಯ ದ್ರವಗಳನ್ನು ಪರೀಕ್ಷಿಸುವವರೂ ನೊರೆ ಹೋಗುವವರೆಗೆ ಎಷ್ಟು ಜಿಡ್ಡಿನ ತಟ್ಟೆ ತೊಳೆಯಬಹುದು ಎಂದು ಎಣಿಸುತ್ತಾರೆ. ನೊರೆ ಇಲ್ಲಿ ಸಾಬೂನು ಉಳಿದಿದೆ ಅನ್ನುತ್ತದೆ. ಬಟ್ಟೆ ಶುಚಿಯಾಯಿತು ಅನ್ನುವುದಿಲ್ಲ. ಬೇಕಿದ್ದರೆ ತಯಾರಿಸುವವರು ನೊರೆ ಹೆಚ್ಚಿಸುವ ವಸ್ತು ಬೇರೆಯಾಗಿ ಸೇರಿಸಬಹುದು, ಶ್ಯಾಂಪೂಗಳಲ್ಲಿ ಸೇರಿಸುತ್ತಾರೆ ಕೂಡ.

ಗಡಸು ನೀರಿನಲ್ಲಿ ಸಾಬೂನು ಉಜ್ಜಿದವರಿಗೆ ಇದರ ಇನ್ನೊಂದು ಮುಖ ಗೊತ್ತು. ಎಷ್ಟು ಉಜ್ಜಿದರೂ ನೊರೆ ಇಲ್ಲ, ಬರೀ ಬೂದುಬಣ್ಣದ ಒಡಕಲು. ನೀರಿನಲ್ಲಿರುವ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಸಾಬೂನನ್ನು ಹಿಡಿದು ಕರಗದ ಗಸಿ ಮಾಡಿಬಿಡುತ್ತವೆ. ಅವುಗಳ ಪಾಲು ತೀರಿದ ಮೇಲೆಯೇ ನೊರೆ ಶುರು. ಸ್ಕಾಟ್ಲೆಂಡಿನ ಅಬರ್ಡೀನ್‌ನಲ್ಲಿ ರಸಾಯನಶಾಸ್ತ್ರ ಕಲಿಸುತ್ತಿದ್ದ ಥಾಮಸ್ ಕ್ಲಾರ್ಕ್ 1840ರ ದಶಕದಲ್ಲಿ ಇದನ್ನೇ ಅಳತೆ ಮಾಡಿದ. ನೀರಿಗೆ ಅಳೆದು ಅಳೆದು ಸಾಬೂನಿನ ದ್ರಾವಣ ಹಾಕಿ ಕುಲುಕುತ್ತಾ ಹೋಗುವುದು. ಐದು ನಿಮಿಷ ನಿಲ್ಲುವ ನೊರೆ ಬಂದಾಗ ನಿಲ್ಲಿಸುವುದು. ಎಷ್ಟು ದ್ರಾವಣ ಹಿಡಿಯಿತೋ ಅಷ್ಟು ಗಡಸು. ಬಹಳ ಕಾಲ ಪ್ರಯೋಗಾಲಯಗಳಲ್ಲಿ ನೀರಿನ ಗಡಸುತನ ಅಳೆಯುತ್ತಿದ್ದದ್ದು ಹೀಗೆ. ನನಗೆ ಈ ಪರೀಕ್ಷೆ ತುಂಬಾ ಇಷ್ಟ. ಏನು ಹಾಕಿದ್ದೇವೆ, ಎಷ್ಟು ಹಾಕಿದ್ದೇವೆ ಎಂದು ಗೊತ್ತಿದ್ದರೆ ನೊರೆಯ ಮಾತು ಎಷ್ಟು ಖಚಿತ ನೋಡಿ.

ವೈದ್ಯರೂ ನೊರೆಯನ್ನು ಓದುತ್ತಾ ಬಂದಿದ್ದಾರೆ. ಮೂತ್ರದ ಮೇಲೆ ಗುಳ್ಳೆ ನಿಂತರೆ ಮೂತ್ರಪಿಂಡದ ಕಾಯಿಲೆ, ಅದು ಬೇಗ ಬಿಡುವುದಿಲ್ಲ ಎಂಬ ಮಾತು ಹಿಪೋಕ್ರೆಟಿಸನ ಹೆಸರಿನಲ್ಲಿ ಬಂದಿರುವ ಸೂತ್ರಗಳಲ್ಲೇ ಇದೆ. ಎರಡು ಸಾವಿರ ವರ್ಷಕ್ಕೂ ಹಳೆಯದು. ಮೂತ್ರದಲ್ಲಿ ಪ್ರೋಟೀನ್ ಸೋರಿದರೆ ನೊರೆ ನಿಲ್ಲುತ್ತದೆ, ನಿಜ. ರಭಸವಾಗಿ ಬಿದ್ದರೂ ನೊರೆ ಬರುತ್ತದೆ, ಅದೂ ನಿಜ. ಅದಕ್ಕೇ ಇಂದಿನ ವೈದ್ಯರು ದಿನವೂ ನೊರೆ ಕಂಡರೆ ಪ್ರೋಟೀನ್ ಪರೀಕ್ಷೆ ಮಾಡಿಸಿ ಅನ್ನುತ್ತಾರೆ, ನೊರೆ ನೋಡಿಯೇ ಕಾಯಿಲೆಯ ಹೆಸರು ಹೇಳುವುದಿಲ್ಲ.

ನದಿ, ಸಮುದ್ರ, ಹಕ್ಕಿ

ಎರಡನೇ ಮಹಾಯುದ್ಧದ ನಂತರ ಸಾಬೂನಿನ ಜಾಗಕ್ಕೆ ಪೆಟ್ರೋಲಿಯಂನಿಂದ ಮಾಡಿದ ಡಿಟರ್ಜೆಂಟ್ ಬಂತು. ಗಡಸು ನೀರಿನಲ್ಲೂ ನೊರೆ ಕೊಡುತ್ತದೆ ಎಂದು ಜನ ಮೆಚ್ಚಿದರು. 1950ರ ದಶಕದಲ್ಲಿ ಅಮೆರಿಕ ಮತ್ತು ಯುರೋಪಿನ ನದಿಗಳ ಮೇಲೆ ಬಿಳಿ ಗುಡ್ಡೆಗಳು ಏಳತೊಡಗಿದವು. ಕೊಳಚೆ ಶುದ್ಧೀಕರಣದ ತೊಟ್ಟಿಗಳಲ್ಲಿ ನೊರೆ ಉಕ್ಕಿ ಹರಿಯಿತು. ಕೆಲವು ಕಡೆ ನಲ್ಲಿಯ ನೀರೂ ಲೋಟದಲ್ಲಿ ನೊರೆ ಕಟ್ಟುತ್ತಿತ್ತು. ಕಾರಣ ಆ ಡಿಟರ್ಜೆಂಟ್ ಅಣುವಿನ ಆಕಾರದಲ್ಲಿತ್ತು. ಅದರ ಇಂಗಾಲದ ಸರಪಳಿ ಕವಲು ಕವಲಾಗಿತ್ತು, ಬ್ಯಾಕ್ಟೀರಿಯಾಗಳಿಗೆ ಅದನ್ನು ಅರಗಿಸಿಕೊಳ್ಳಲು ಆಗುತ್ತಿರಲಿಲ್ಲ. ಪಶ್ಚಿಮ ಜರ್ಮನಿ 1961ರಲ್ಲಿ ಕಾನೂನು ಮಾಡಿತು, 1964ರಲ್ಲಿ ಅದು ಜಾರಿಗೆ ಬಂತು. ಅಮೆರಿಕದ ಕಂಪನಿಗಳು 1965ರ ಹೊತ್ತಿಗೆ ಕವಲಿಲ್ಲದ, ನೇರ ಸರಪಳಿಯ ಅಣುವಿಗೆ ಬದಲಾದವು. ಅದನ್ನು ಬ್ಯಾಕ್ಟೀರಿಯಾಗಳು ತಿಂದವು. ನದಿಗಳ ಮೇಲಿನ ಬಿಳಿ ಇಳಿಯಿತು.

ಜನ ನಿಟ್ಟುಸಿರು ಬಿಟ್ಟಿರಬೇಕು. ಆದರೆ ಅದೇ ಪುಡಿಗಳಲ್ಲಿ ಫಾಸ್ಫೇಟ್ ಕೂಡ ಇತ್ತು. ಫಾಸ್ಫೇಟ್ ನೊರೆ ಕೊಡುವುದಿಲ್ಲ. ಅದು ಸದ್ದಿಲ್ಲದೆ ಕೆರೆಗಳಿಗೆ ಹರಿದು ಪಾಚಿಗೆ ಗೊಬ್ಬರವಾಯಿತು. ಪಾಚಿ ಬೆಳೆದು, ಸತ್ತು, ಕೊಳೆಯುವಾಗ ನೀರಿನ ಆಮ್ಲಜನಕವನ್ನೆಲ್ಲ ಎಳೆದುಕೊಂಡಿತು. ಅಮೆರಿಕ ಮತ್ತು ಕೆನಡಾದ ನಡುವಿನ ಈರಿ ಸರೋವರದ ಸ್ಥಿತಿ ಎಷ್ಟು ಕೆಟ್ಟಿತೆಂದರೆ, 1972ರಲ್ಲಿ ಎರಡೂ ದೇಶ ಒಪ್ಪಂದ ಮಾಡಿಕೊಂಡು, ಫಾಸ್ಫೇಟಿನಲ್ಲಿರುವ ರಂಜಕವನ್ನು ಕಡಿಮೆ ಮಾಡಬೇಕಾಯಿತು. ಬಿಳಿ ಗುಡ್ಡೆ ಕಂಡದ್ದಕ್ಕೆ ಕಾನೂನು ಬೇಗ ಬಂತು, ಕಾಣದ್ದಕ್ಕೆ ಹೆಚ್ಚು ವರ್ಷ ಹಿಡಿಯಿತು. ನೀರಿನ ಮೇಲೆ ನೊರೆ ಇದ್ದಾಗ ಎಲ್ಲರೂ ಕೂಗುತ್ತಾರೆ, ನೊರೆ ಹೋದ ದಿನ ಮಾತು ನಿಲ್ಲುತ್ತದೆ. ನನಗೆ ಸಂಕಟವಾಗುವುದು ಇದೇ.

ಒಮ್ಮೆ ಅಕ್ಕನ ಮಗಳನ್ನು ಸಮುದ್ರದ ದಡಕ್ಕೆ ಕರೆದುಕೊಂಡು ಹೋಗಿದ್ದೆ. ಹಿಂದಿನ ರಾತ್ರಿ ಗಾಳಿ ಜೋರಾಗಿತ್ತು. ದಡದ ಉದ್ದಕ್ಕೂ ಮೊಣಕಾಲಿನವರೆಗೆ ಕಂದು ಬೆರೆತ ಬಿಳಿ ನೊರೆ ಬಿದ್ದಿತ್ತು, ಗಾಳಿ ಬಂದಾಗ ಅದರ ತುಣುಕುಗಳು ಮರಳ ಮೇಲೆ ಉರುಳುತ್ತಿದ್ದವು. ಅವಳು ಎರಡೂ ಕೈಯಲ್ಲಿ ಎತ್ತಿಕೊಂಡು, "ಮಾಮ, ಸಮುದ್ರಕ್ಕೆ ಯಾರು ಸೋಪು ಹಾಕಿದ್ರು?" ಎಂದು ಕೇಳಿದಳು. ಎಷ್ಟು ಸರಿಯಾದ ಪ್ರಶ್ನೆ! ನೊರೆ ಕಂಡ ಮೇಲೆ ಕೇಳಬೇಕಾದದ್ದು ಅದೇ ಅಲ್ವಾ. ಸಮುದ್ರದ ನೀರಿನಲ್ಲಿ ಕಣ್ಣಿಗೆ ಕಾಣದ ಪಾಚಿಗಳಿವೆ. ಅವು ಸತ್ತು ಒಡೆದಾಗ ಪ್ರೋಟೀನು, ಕೊಬ್ಬು ನೀರಿಗೆ ಸೇರುತ್ತವೆ. ಅಲೆ ಅದನ್ನು ಕಡೆಯುತ್ತದೆ. ಅವಳಿಗೆ ಅರ್ಥವಾಗುವ ಹಾಗೆ ಹೇಳಿದೆ. "ಹಾಗಾದ್ರೆ ಇದು ಗಿಡದ ಸೋಪು" ಅಂದಳು. ನಾನು ಹೂಂ ಅಂದೆ, ಆದರೆ ಕೈ ತೊಳೆದುಕೋ ಅಂತಲೂ ಹೇಳಿದೆ.

ಹೇಳಿದ್ದಕ್ಕೆ ಕಾರಣವಿತ್ತು. ನಿಸರ್ಗದ್ದು ಅಂದಮಾತ್ರಕ್ಕೆ ನಿರಪಾಯ ಎಂದು ಹೇಳಲಾಗದು. 2007ರ ಕೊನೆಯಲ್ಲಿ ಕ್ಯಾಲಿಫೋರ್ನಿಯಾದ ಮಾಂಟೆರೆ ಕೊಲ್ಲಿಯ ದಡಕ್ಕೆ ನೂರಾರು ಕಡಲಹಕ್ಕಿಗಳು ಬಂದು ಬಿದ್ದವು. ಮೈ ಒದ್ದೆ, ಚಳಿಗೆ ನಡುಗುತ್ತಿದ್ದವು. ಮೊದಲು ಎಣ್ಣೆ ಸೋರಿರಬೇಕು ಅನ್ನಿಸಿತು. ಗರಿಗಳಲ್ಲಿ ಎಣ್ಣೆ ಸಿಗಲಿಲ್ಲ. ಅಕಾಶಿವೊ ಸಾಂಗ್ವಿನಿಯಾ ಎಂಬ ಸೂಕ್ಷ್ಮ ಪಾಚಿ ಕಡಲಲ್ಲಿ ವಿಪರೀತ ಬೆಳೆದಿತ್ತು. ಅದರಿಂದ ಬಂದ ಪ್ರೋಟೀನ್ ನೊರೆ ಗರಿಗಳಿಗೆ ಹತ್ತಿ, ನೀರು ತಾಗದಂತೆ ಕಾಯುವ ಅವುಗಳ ಗುಣವನ್ನೇ ಹಾಳುಮಾಡಿತ್ತು. ಗರಿ ನೆನೆದ ಹಕ್ಕಿಗೆ ಮೈ ಬೆಚ್ಚಗಿಟ್ಟುಕೊಳ್ಳಲು ಆಗುವುದಿಲ್ಲ.

ನೊರೆಗೆ ಇನ್ನೊಂದು ಗುಣ ಇದೆ. ಮೇಲ್ಮೈಗೆ ಬರುವ ವಸ್ತುಗಳನ್ನೆಲ್ಲ ಅದು ತನ್ನಲ್ಲಿ ಒಟ್ಟುಮಾಡುತ್ತದೆ. ಇಂಧನದ ಬೆಂಕಿ ಆರಿಸುವ ಒಂದು ಬಗೆಯ ಫೋಮ್‌ನಲ್ಲಿ ಫ್ಲೋರಿನ್ ಇರುವ ರಾಸಾಯನಿಕಗಳನ್ನು ದಶಕಗಳ ಕಾಲ ಬಳಸಿದರು. ವಿಮಾನ ನಿಲ್ದಾಣ, ಸೇನಾ ನೆಲೆಗಳ ಸುತ್ತ ಅವು ಅಂತರ್ಜಲಕ್ಕೆ ಇಳಿದಿವೆ. ಪಿಎಫ್‌ಎಎಸ್ ಎಂದು ಕರೆಯುವ ಈ ಗುಂಪಿನ ವಸ್ತುಗಳು ಸುಲಭವಾಗಿ ಒಡೆಯುವುದಿಲ್ಲ. ಅಂಥ ಕೆರೆಗಳ ಮೇಲಿನ ನೊರೆಯಲ್ಲಿ, ಕೆಳಗಿನ ನೀರಿಗಿಂತ ಅವು ಎಷ್ಟೋ ಪಟ್ಟು ಹೆಚ್ಚು. ಅಮೆರಿಕದ ಮಿಷಿಗನ್ ರಾಜ್ಯದ ಆರೋಗ್ಯ ಇಲಾಖೆ ಕೆರೆ, ಹೊಳೆಗಳ ನೊರೆಯನ್ನು ಮುಟ್ಟಬೇಡಿ ಎಂದು ಜನರಿಗೆ ಹೇಳುವುದು ಅದಕ್ಕೇ. ಇದೇ ಗುಣವನ್ನು ಒಳ್ಳೆಯದಕ್ಕೂ ಬಳಸುತ್ತಾರೆ. ಕೆಟ್ಟ ನೀರಿನೊಳಗೆ ಸಣ್ಣ ಗುಳ್ಳೆಗಳನ್ನು ಊದಿ, ಬೇಕೆಂದೇ ನೊರೆ ಎಬ್ಬಿಸಿ, ಅದನ್ನು ಬಾಚಿ ತೆಗೆಯುತ್ತಾರೆ. ನೊರೆಯ ಜೊತೆ ವಿಷವೂ ಹೊರಗೆ ಬರುತ್ತದೆ.

ಮೊದಲ ಉಸಿರು

ಗೆಳೆಯನೊಬ್ಬನ ಮಗು ಅವಧಿಗೆ ಬಹಳ ಮುಂಚೆ ಹುಟ್ಟಿತು. ಆ ರಾತ್ರಿ ಆಸ್ಪತ್ರೆಯಲ್ಲಿ ಅವನ ಪಕ್ಕ ಕೂತಿದ್ದೆ. ಅವನು ಮಾತಾಡುತ್ತಿರಲಿಲ್ಲ, ಮೊಬೈಲನ್ನು ತೆಗೆದು ನೋಡಿ ಮತ್ತೆ ಜೇಬಿಗೆ ಹಾಕುತ್ತಿದ್ದ. ಡಾಕ್ಟರ್ ಹೊರಗೆ ಬಂದು ಹೇಳಿದರು: "ಮಗು ಉಸಿರಾಡೋಕೆ ತುಂಬಾ ಕಷ್ಟಪಡ್ತಾ ಇತ್ತು. ಸರ್ಫ್ಯಾಕ್ಟಂಟ್ ಕೊಟ್ಟಿದ್ದೀವಿ, ನಳಿಕೆಯಿಂದ ನೇರ ಶ್ವಾಸಕೋಶಕ್ಕೆ. ಸ್ವಲ್ಪ ಹೊತ್ತು ನೋಡೋಣ." ಗೆಳೆಯ ನನ್ನ ಕಡೆ ತಿರುಗಿ, "ಅದೇನೋ ಅದು, ಸೋಪಿನ ಡಬ್ಬದ ಮೇಲೆ ಬರೆದಿರ್ತಾರಲ್ಲ?" ಅಂದ. ಹೌದು, ಅದೇ ಜಾತಿಯದ್ದು. ಹಾಲಿನಂತೆ ಬೆಳ್ಳಗಿರುವ ದ್ರವ. ಬೆಳಗಾಗುವಷ್ಟರಲ್ಲಿ ಮಗುವಿಗೆ ಕೊಡುತ್ತಿದ್ದ ಆಮ್ಲಜನಕವನ್ನು ಕಡಿಮೆ ಮಾಡಿದ್ದರು. ಆ ಮಗು ಈಗ ಶಾಲೆಗೆ ಹೋಗುತ್ತದೆ.

ನಮ್ಮ ಶ್ವಾಸಕೋಶದಲ್ಲಿ ಕೋಟಿಗಟ್ಟಲೆ ಪುಟ್ಟ ಗಾಳಿಗೂಡುಗಳಿವೆ. ಪ್ರತಿಯೊಂದರ ಒಳಮೈಗೂ ದ್ರವದ ತೆಳು ಪದರ ಇದೆ. ಅಂದರೆ ಒಂದು ರೀತಿಯಲ್ಲಿ ಅವೂ ಗುಳ್ಳೆಗಳೇ. ಮೇಲೆ ಹೇಳಿದ್ದನ್ನು ಈಗ ನೆನಪಿಸಿಕೊಳ್ಳಿ: ಚಿಕ್ಕ ಗುಳ್ಳೆಯಲ್ಲಿ ಒತ್ತಡ ಜಾಸ್ತಿ, ಅದು ತನ್ನ ಗಾಳಿಯನ್ನು ದೊಡ್ಡದಕ್ಕೆ ಕೊಟ್ಟು ಕುಸಿಯುತ್ತದೆ. ಗೂಡುಗಳ ಒಳಗೆ ಬರೀ ನೀರಿದ್ದಿದ್ದರೆ ಪ್ರತಿ ಸಲ ಉಸಿರು ಬಿಟ್ಟಾಗಲೂ ಎಷ್ಟೋ ಗೂಡುಗಳು ಮುಚ್ಚಿಕೊಳ್ಳುತ್ತಿದ್ದವು. ಮುಚ್ಚಿದ್ದನ್ನು ಮತ್ತೆ ತೆರೆಯಲು ಎದೆಯ ಶಕ್ತಿಯೆಲ್ಲ ಬೇಕು. ಹಾಗಾಗದಂತೆ ನೋಡಿಕೊಳ್ಳಲು ಶ್ವಾಸಕೋಶದ ಕೆಲವು ಜೀವಕೋಶಗಳು ಕೊಬ್ಬು ಮತ್ತು ಪ್ರೋಟೀನಿನ ಒಂದು ಮಿಶ್ರಣವನ್ನು ತಯಾರಿಸುತ್ತವೆ. ಡಾಕ್ಟರ್ ಹೇಳಿದ ಸರ್ಫ್ಯಾಕ್ಟಂಟ್ ಇದೇ. ಗೂಡು ಕುಗ್ಗಿದಷ್ಟೂ ಆ ಮಿಶ್ರಣದ ಪದರ ದಟ್ಟವಾಗಿ, ಎಳೆತ ಸೊನ್ನೆಯ ಹತ್ತಿರಕ್ಕೆ ಇಳಿಯುತ್ತದೆ. ಗೂಡು ಮುಚ್ಚುವುದಿಲ್ಲ. ಇದು ಸಾಕಷ್ಟು ತಯಾರಾಗುವುದು ಗರ್ಭದ ಸುಮಾರು 34, 35ನೇ ವಾರದ ಹೊತ್ತಿಗೆ. ಬಹಳ ಬೇಗ ಹುಟ್ಟಿದ ಮಗುವಿಗೆ ಇದು ಸಾಕಷ್ಟು ಇರುವುದಿಲ್ಲ.

ಇದು ಗೊತ್ತಾದದ್ದು ನೊರೆಯಿಂದ. 1955ರಲ್ಲಿ ಬ್ರಿಟನ್ನಿನ ರಿಚರ್ಡ್ ಪ್ಯಾಟಲ್, ಪೋರ್ಟನ್ ಡೌನ್ ಎಂಬಲ್ಲಿನ ಸೇನೆಯ ರಾಸಾಯನಿಕ ಪ್ರಯೋಗಾಲಯದಲ್ಲಿ, ನೀರು ತುಂಬಿದ ಶ್ವಾಸಕೋಶದಿಂದ ಬರುವ ನೊರೆಯನ್ನು ನೋಡುತ್ತಿದ್ದ. ಬೇರೆ ನೊರೆಗಳನ್ನು ಒಡೆಯುವ ಔಷಧಿ ಇದನ್ನು ಒಡೆಯಲಿಲ್ಲ. ಅದರ ಪುಟ್ಟ ಗುಳ್ಳೆಗಳು ಕುಗ್ಗಿ ಮಾಯವಾಗಬೇಕಿತ್ತು, ಮಾಯವಾಗಲಿಲ್ಲ. ಹಾಗಾದರೆ ಅವುಗಳ ಮೇಲ್ಮೈ ಎಳೆತ ಹೆಚ್ಚುಕಡಿಮೆ ಸೊನ್ನೆಯಾಗಿರಬೇಕು ಎಂದು ಬರೆದ. ಅಮೆರಿಕದಲ್ಲಿ, ಅದೂ ಸೇನೆಯ ರಾಸಾಯನಿಕ ಕೇಂದ್ರದಲ್ಲೇ, ಜಾನ್ ಕ್ಲೆಮೆಂಟ್ಸ್ 1957ರಲ್ಲಿ ಶ್ವಾಸಕೋಶದ ಸಾರವನ್ನು ತೊಟ್ಟಿಯ ನೀರಿನ ಮೇಲೆ ಹರಡಿ, ಪಟ್ಟಿಯಿಂದ ಒತ್ತಿ, ಸಡಿಲಿಸಿ ಅಳೆದ. ಪೋಕೆಲ್ಸ್ ಪಾತ್ರೆ ತೊಳೆಯುವ ಮನೆಯಲ್ಲಿ ಮಾಡಿದ್ದು ನೆನಪಾಗುತ್ತದೆ ಅಲ್ವಾ. ಒತ್ತಿದಾಗ ಎಳೆತ ಬಿತ್ತು, ಬಿಟ್ಟಾಗ ಏರಿತು.

ಬೋಸ್ಟನ್ನಿನ ಯುವ ವೈದ್ಯೆ ಮೇರಿ ಎಲೆನ್ ಎವರಿ, ಉಸಿರಾಟದ ತೊಂದರೆಯಿಂದ ತೀರಿಕೊಂಡ ಶಿಶುಗಳ ಶ್ವಾಸಕೋಶವನ್ನು ಪರೀಕ್ಷಿಸುತ್ತಿದ್ದರು. ಬೇರೆ ಕಾರಣಕ್ಕೆ ಸತ್ತ ಶಿಶುಗಳ ಶ್ವಾಸನಾಳದಲ್ಲಿ ನೊರೆ ಇರುತ್ತಿತ್ತು, ಇವುಗಳಲ್ಲಿ ಇರಲಿಲ್ಲ. ಎಷ್ಟೋ ಜನ ಇಂಥ ಶ್ವಾಸಕೋಶಗಳನ್ನು ನೋಡಿದ್ದರು, ಏನೋ ಹೆಚ್ಚಾಗಿದೆ ಎಂದು ಹುಡುಕುತ್ತಿದ್ದರು. ಎವರಿ ಇಲ್ಲದ್ದನ್ನು ಗಮನಿಸಿದರು. ಕ್ಲೆಮೆಂಟ್ಸ್ ಹತ್ತಿರ ಹೋಗಿ ಅಳೆಯುವ ವಿಧಾನ ಕಲಿತರು. 1959ರಲ್ಲಿ ಜೆರೆ ಮೀಡ್ ಜೊತೆ ಸೇರಿ, ಈ ಶಿಶುಗಳಲ್ಲಿ ಆ ಮಿಶ್ರಣದ ಕೊರತೆ ಇದೆ ಎಂದು ತೋರಿಸಿದರು. ಕಾರಣ ಗೊತ್ತಾಯಿತು, ಮದ್ದು ಮಾತ್ರ ಇನ್ನೂ ದೂರವಿತ್ತು. 1963ರಲ್ಲಿ ಅಮೆರಿಕದ ಅಧ್ಯಕ್ಷ ಜಾನ್ ಕೆನಡಿಯ ಮಗ ಪ್ಯಾಟ್ರಿಕ್ ಐದೂವರೆ ವಾರ ಮುಂಚೆ ಹುಟ್ಟಿದ. ಇದೇ ಕಾಯಿಲೆ. ಎರಡು ದಿನ ತುಂಬುವ ಮೊದಲೇ ತೀರಿಕೊಂಡ. ದೇಶದ ಅತಿ ದೊಡ್ಡ ಹುದ್ದೆಯಲ್ಲಿದ್ದ ತಂದೆಗೂ ಆ ಹಾಲಿನಂಥ ದ್ರವ ಸಿಗುವಂತಿರಲಿಲ್ಲ, ಅದು ಇನ್ನೂ ಇರಲೇ ಇಲ್ಲ. 1980ರಲ್ಲಿ ಜಪಾನಿನ ತೆತ್ಸುರೊ ಫುಜಿವಾರಾ ಹಸುವಿನ ಶ್ವಾಸಕೋಶದಿಂದ ತೆಗೆದ ಮಿಶ್ರಣವನ್ನು ಹತ್ತು ಶಿಶುಗಳಿಗೆ ಕೊಟ್ಟು ಉಸಿರು ಸುಧಾರಿಸಿದ್ದನ್ನು ವರದಿ ಮಾಡಿದರು. ಗೆಳೆಯನ ಮಗುವಿಗೆ ಸಿಕ್ಕಿದ್ದು ಆ ದಾರಿಯಲ್ಲಿ ಬಂದ ಔಷಧಿ.

ಈ ನಡುವೆ ಕ್ಲೆಮೆಂಟ್ಸ್ ಮಾಡಿದ ಇನ್ನೊಂದು ಕೆಲಸವನ್ನು ಹೇಳಲೇಬೇಕು. ಮಗು ಹುಟ್ಟುವ ಮೊದಲೇ ಅದರ ಶ್ವಾಸಕೋಶ ಬಲಿತಿದೆಯೋ ಇಲ್ಲವೋ ತಿಳಿಯುವುದು ಹೇಗೆ? ಶ್ವಾಸಕೋಶದ ಮಿಶ್ರಣ ಗರ್ಭದ ನೀರಿಗೂ ಸ್ವಲ್ಪ ಸೇರಿರುತ್ತದೆ. ಆ ನೀರನ್ನು ಕುಲುಕಿದರೆ ನೊರೆ ಬರುತ್ತದೆ. ಆದರೆ ಅದರಲ್ಲಿರುವ ಬೇರೆ ಪ್ರೋಟೀನುಗಳೂ ನೊರೆ ಕೊಡುತ್ತವೆ, ಯಾವುದರ ನೊರೆ ಎಂದು ತಿಳಿಯುವುದಿಲ್ಲ. 1972ರಲ್ಲಿ ಕ್ಲೆಮೆಂಟ್ಸ್ ಮತ್ತು ಜೊತೆಗಾರರು ಪ್ರಕಟಿಸಿದ ಪರೀಕ್ಷೆಯಲ್ಲಿ ಗರ್ಭದ ನೀರಿಗೆ ಆಲ್ಕೋಹಾಲ್ ಬೆರೆಸುತ್ತಿದ್ದರು. ಆಲ್ಕೋಹಾಲ್ ಮೇಲ್ಮೈಯನ್ನು ಆಕ್ರಮಿಸಿ ಬೇರೆಯವುಗಳ ನೊರೆಯನ್ನು ಅಳಿಸಿಹಾಕು‌ತ್ತದೆ. ಶ್ವಾಸಕೋಶದ ಮಿಶ್ರಣ ಮಾತ್ರ ಅದನ್ನೂ ಮೀರಿ ನೊರೆ ಕಟ್ಟುತ್ತದೆ. ಗಾಜಿನ ಕೊಳವೆಯಲ್ಲಿ ಹಾಕಿ 15 ಸೆಕೆಂಡ್ ಕುಲುಕುವುದು, 15 ನಿಮಿಷ ಬಿಟ್ಟು ನೋಡುವುದು. ಕೊಳವೆಯ ಸುತ್ತ ಗುಳ್ಳೆಗಳ ಉಂಗುರ ಪೂರ್ತಿ ಉಳಿದಿದ್ದರೆ ಮಗುವಿಗೆ ಆ ಕಾಯಿಲೆ ಬರುವ ಸಾಧ್ಯತೆ ಬಹಳ ಕಡಿಮೆ. ಉಂಗುರ ಉಳಿಯದಿದ್ದರೆ, ತಾಯಿಯ ಸ್ಥಿತಿ ನೋಡಿಕೊಂಡು, ಸಾಧ್ಯವಿದ್ದಷ್ಟು ದಿನ ಹೆರಿಗೆಯನ್ನು ಮುಂದಕ್ಕೆ ಹಾಕುತ್ತಿದ್ದರು.